ಸ್ಟೀರಿಂಗಿನ ಮೇಲಿನ ಬೆರಳು

ಬೆಳಗ್ಗೆಯಿಂದ ವೆಂಡೆಲ್ ತನ್ನ ಬಲಗೈಯ ತೋರುಬೆರಳನ್ನೇ ನೋಡುತ್ತಿದ್ದ. ಕಾಫಿ ಲೋಟ ಹಿಡಿದಾಗ ನೋಡಿದ, ಬೂಟಿನ ದಾರ ಬಿಗಿಯುವಾಗ ನೋಡಿದ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅರವತ್ತನಾಲ್ಕು ವರ್ಷದ ಬೆರಳು. ಎಂದೋ ಗೋಧಿ ಕಣಜದ ಕಬ್ಬಿಣದ ಬಾಗಿಲಿಗೆ ಸಿಕ್ಕಿ ಉಗುರಿನ ಮೇಲೆ ಉಳಿದುಬಿಟ್ಟ ಕಪ್ಪು ಗೆರೆಯೊಂದನ್ನು ಬಿಟ್ಟರೆ ಆಲ್ಡೆನ್ ಊರಿನ ಯಾವ ಗಂಡಸಿನ ಬೆರಳೂ ಹೀಗೆಯೇ ಇರುತ್ತದೆ.

“ನೋವಾ?” ಎಂದಳು ಹೆಂಡತಿ ಡೊರೀನ್.

“ಇಲ್ಲ.”

“ಮತ್ತೆ, ನಿನ್ನೆ ಅಂಗಡಿಯಿಂದ ತಂದಿರೋ ಹಾಗೆ ನೋಡ್ತಿದೀಯಲ್ಲ.”

“ಇವತ್ತು ಮಂಗಳವಾರ,” ಎಂದ. ಅದು ಉತ್ತರವಲ್ಲ. ಆದರೆ ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದವಳು ಅದನ್ನೇ ಉತ್ತರವೆಂದು ಇಟ್ಟುಕೊಂಡು ಟೋಸ್ಟಿಗೆ ಬೆಣ್ಣೆ ಹಚ್ಚಿದಳು. ಅವಳಿಗೂ ಹೇಳುವ ಹಾಗಿರಲಿಲ್ಲ. ಆಸ್ಪತ್ರೆಗೆ ಹೋಗುವವರನ್ನು ತಾನು ಕರೆದೊಯ್ಯುವ ಕೌಂಟಿ ಆಡಳಿತದ ವ್ಯಾನಿನಲ್ಲಿ ಯಾರು ಕೂತರು, ಎಲ್ಲಿ ಇಳಿದರು, ಯಾಕೆ ಇಳಿದರು ಎಂಬುದನ್ನು ಹೆಂಡತಿಗಾಗಲಿ ಪಾದ್ರಿಗಾಗಲಿ ಹೇಳಬಾರದೆಂದು ಕೆಲಸಕ್ಕೆ ಸೇರಿದ ದಿನವೇ ಕೌಂಟಿಯವರು ಸಹಿ ಹಾಕಿಸಿಕೊಂಡಿದ್ದರು. ಬಾಯಿ ಬಿಗಿಹಿಡಿಯುವುದೇನು ಮಹಾ ಎಂದು ಅವನು ಓದದೆಯೇ ಸಹಿ ಮಾಡಿದ್ದ. ಬಾಯಿಯನ್ನು ಬಿಗಿಯಾಗಿಯೇ ಹಿಡಿದಿದ್ದ ಕೂಡ. ಕೈಯ ಬಗ್ಗೆ ಆ ಕಾಗದದಲ್ಲಿ ಏನೂ ಬರೆದಿರಲಿಲ್ಲ.

ಹನ್ನೆರಡೂ ಕಾಲಿಗೆ ಅರ್ಮಾ ಮುದುಕಿಯನ್ನು ಅವಳ ಮನೆಯ ಮುಂದಿನಿಂದ ಹತ್ತಿಸಿಕೊಂಡ. ಸಕ್ಕರೆ ಕಾಯಿಲೆಯಿಂದ ಅವಳ ಎಡಗಾಲಿನಲ್ಲಿ ಹುಣ್ಣಾಗಿತ್ತು. ಪ್ರತಿ ಮಂಗಳವಾರ ನಲವತ್ತು ಮೈಲಿ ದೂರದ ಕೋಲ್ಟರ್ ಆಸ್ಪತ್ರೆಯಲ್ಲಿ ಅದನ್ನು ತೊಳೆದು ಹೊಸ ಕಟ್ಟು ಹಾಕಿಸಿಕೊಂಡು ಬರಬೇಕು. ಅರ್ಮಾ ಡ್ರೈವರ್ ಪಕ್ಕದ ಸೀಟಿನಲ್ಲೇ ಕೂರುವುದು. ಹಿಂದೆ ಕೂತರೆ ಶವಪೆಟ್ಟಿಗೆಯಲ್ಲಿ ಹೋದ ಹಾಗಾಗುತ್ತದೆ ಅನ್ನುವುದು ಅವಳ ತಕರಾರು. ಅವಳು ಬೆಲ್ಟು ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, “ಆ ಹುಡುಗಿ ಬರ್ತಾಳಲ್ಲ ಇವತ್ತು?” ಎಂದಳು. ಅವನು ಕೇಳಿಸದವನಂತೆ ಗೇರು ಹಾಕಿದ. ಡ್ಯಾಶ್‌ಬೋರ್ಡಿನ ಮೇಲೆ ಹಸಿರು ಫೈಲಿತ್ತು, ಫೈಲಿನೊಳಗೆ ಒಂದು ಹಾಳೆ. ಹನ್ನೆರಡೂ ನಲವತ್ತಕ್ಕೆ ಶಾಲೆಯ ಹಿಂಬಾಗಿಲಿನಲ್ಲಿ ನಿಂತು ಆ ಹಾಳೆಯನ್ನು ಆ ಹುಡುಗಿಯ, ಹ್ಯಾಡ್ಲಿಯ, ಕೈಗೆ ಕೊಟ್ಟು, ಇನ್ನು ಮೇಲೆ ನೀನು ಈ ವ್ಯಾನು ಹತ್ತುವ ಹಾಗಿಲ್ಲ ಎಂದು ಅವನೇ ಹೇಳಬೇಕಿತ್ತು.

ಮಾರ್ಚ್ ತಿಂಗಳು. ದಿಬ್ಬಗಳ ಉತ್ತರದ ಮಗ್ಗುಲಲ್ಲಿ ಕೊಳಕು ಹಿಮ ಇನ್ನೂ ಕೂತಿತ್ತು, ದಕ್ಷಿಣದ ಮಗ್ಗುಲಲ್ಲಿ ಚಳಿಗಾಲದ ಗೋಧಿ ಬೆರಳುದ್ದ ಎದ್ದಿತ್ತು. ಎದುರಿಗೆ ಗೊಬ್ಬರದ ಟ್ಯಾಂಕರ್ ಬಂತು. ವೆಂಡೆಲ್ ಎರಡೂ ಕೈಗಳನ್ನು ಸ್ಟೀರಿಂಗಿನ ಕೆಳಭಾಗಕ್ಕೆ ಜಾರಿಸಿ ಮುಷ್ಟಿ ಕಟ್ಟಿದ. ಟ್ಯಾಂಕರಿನವನು ನಮಸ್ಕಾರಕ್ಕೆಂದು ಬೆರಳೆತ್ತಿದ, ಇವನು ಎತ್ತಲಿಲ್ಲ. ಯಾರದೋ ಮನೆಗೆ ಹೋಗಿ ಮಾತಾಡಿಸದೆ ಬಂದಷ್ಟು ನಾಚಿಕೆಯಾಯಿತು. ಈ ರಸ್ತೆಯಲ್ಲಿ ಎದುರು ಬಂದ ಗಾಡಿಗೆ ಸ್ಟೀರಿಂಗಿನ ಮೇಲಿಂದ ಒಂದು ಬೆರಳು ಎತ್ತದವನು ಒಂದೋ ಎದೆನೋವು ಬಂದು ಒದ್ದಾಡುತ್ತಿರಬೇಕು, ಇಲ್ಲವೇ ಸಿಯಾಟಲ್ ಮಹಾನಗರದವನಾಗಿರಬೇಕು. ಹತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಟ್ರ್ಯಾಕ್ಟರ್ ಓಡಿಸುವುದನ್ನು ಕಲಿಯುವಾಗಲೇ ಬೆರಳನ್ನೂ ಕಲಿತಿದ್ದ. ಬ್ರೇಕು, ಕ್ಲಚ್ಚು, ಬೆರಳು. ಕಣ್ಣಿಗೆ ಗಾಡಿ ಬೀಳುವುದಕ್ಕೂ ಬೆರಳು ಏಳುವುದಕ್ಕೂ ನಡುವೆ ಯೋಚನೆಗೆ ಜಾಗವೇ ಇಲ್ಲ. ಒಂದು ಚೂರು ಜಾಗ ಇದ್ದಿದ್ದರೆ ಹೋದ ಮಂಗಳವಾರ ಹಾಗಾಗುತ್ತಿರಲಿಲ್ಲ.

ಹ್ಯಾಡ್ಲಿ ಲಿಂಡ್‌ಕ್ವಿಸ್ಟ್ ಎಂಬ ಹೆಸರು ಅವನ ಪಟ್ಟಿಯಲ್ಲಿ ಮೊದಲು ಕಂಡಿದ್ದು ನವೆಂಬರಿನಲ್ಲಿ. ಹೆಸರು, ಹತ್ತುವ ಜಾಗ, ಇಳಿಯುವ ಜಾಗ. ಇಳಿಯುವ ಜಾಗ ಕೋಲ್ಟರಿನ ಮೇಪಲ್ ರಸ್ತೆಯ ಒಂದು ನಂಬರು. ಅದು ಮನಸ್ಸಿನ ಚಿಕಿತ್ಸೆಯ ಕ್ಲಿನಿಕ್ ಅಂತ ಕೌಂಟಿಯ ಡ್ರೈವರುಗಳಿಗೆಲ್ಲ ಗೊತ್ತು. ಹುಡುಗಿಗೆ ಹದಿನಾಲ್ಕು. ಈ ರಾಜ್ಯದಲ್ಲಿ ಹದಿಮೂರು ತುಂಬಿದರೆ ಸಾಕು, ಅಂಥ ಚಿಕಿತ್ಸೆಗೆ ಮಕ್ಕಳು ತಾವೇ ಸಹಿ ಹಾಕಬಹುದು, ಅಪ್ಪ ಅಮ್ಮನನ್ನು ಕೇಳಬೇಕಾಗಿಲ್ಲ. ಮೊದಲ ದಿನ ಆ ಹುಡುಗಿ ವ್ಯಾನಿನ ಮೆಟ್ಟಿಲ ಮೇಲೆ ನಿಂತು, ಶಾಲೆಯ ಸಲಹೆಗಾರ್ತಿ ಕೊಟ್ಟ ಚೀಟಿಯ ಜೊತೆ ಕ್ಲಿನಿಕ್ಕಿನ ಕಾಗದವನ್ನೂ ಅವನ ಮೂಗಿನ ಮುಂದೆ ಹಿಡಿದಿದ್ದಳು. ಅವನು ಕೇಳಿರಲಿಲ್ಲ. ಯಾರಾದರೂ ಕೇಳೇ ಕೇಳುತ್ತಾರೆ ಎಂದುಕೊಂಡು ತಯಾರಾಗಿ ಬಂದಿದ್ದಳು. ಕೆಳಗಿನ ಗೆರೆಯ ಮೇಲೆ ಅವಳ ಸಹಿ ಇತ್ತು. ಇನ್ನೂ ಸಹಿ ಮಾಡಿ ಅಭ್ಯಾಸವಿಲ್ಲದ, ಪ್ರತಿ ಅಕ್ಷರವನ್ನೂ ಗುಂಡಗೆ ಬಿಡಿಸಿ ಬರೆದ ಪೂರ್ತಿ ಹೆಸರು. “ಕೂತ್ಕೊಳಮ್ಮ, ಬೆಲ್ಟ್ ಹಾಕ್ಕೋ,” ಎಂದಷ್ಟೇ ಹೇಳಿದ್ದ.

ಗ್ಯಾರೆಟ್ ಲಿಂಡ್‌ಕ್ವಿಸ್ಟನ ಮಗಳು. ಅವಳ ತಾಯಿ ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟು ಮೊಂಟಾನಾ ಕಡೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ಮಗಳು, ಎರಡು ನಾಯಿ, ಎರಡು ಸಾವಿರ ಎಕರೆ ಗೋಧಿ. ವೆಂಡೆಲ್ ಅವಳನ್ನು ಏನೂ ಕೇಳುತ್ತಿರಲಿಲ್ಲ. ಅರ್ಮಾ ಎಲ್ಲವನ್ನೂ ಕೇಳುತ್ತಿದ್ದಳು. ಹಲ್ಲಿನ ತಂತಿ ಬಿಗಿ ಮಾಡಿಸಲು ಹೋಗುತ್ತೇನೆಂದು ಹುಡುಗಿ ಅವಳಿಗೆ ಹೇಳಿದ್ದಳು, ವಾರವಾರವೂ ಅರ್ಮಾ ಹಿಂದಕ್ಕೆ ತಿರುಗಿ, “ಇನ್ನೂ ನೆಟ್ಟಗಾಗ್ಲಿಲ್ವೇನೇ? ನಮ್ಮ ಕಾಲದಲ್ಲಿ ಸೊಟ್ಟ ಹಲ್ಲಲ್ಲೇ ಮೂರು ಮೂರು ಗಂಡಂದಿರನ್ನ ಹಿಡೀತಿದ್ವಿ,” ಎಂದು ನಗಿಸುತ್ತಿದ್ದಳು. ಹುಡುಗಿ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದಳು. ಒಂದೇ ಒಂದು ಸಲ, ಜನವರಿಯಲ್ಲಿ, ಅರ್ಮಾ ನೆಗಡಿಯಾಗಿ ಬಾರದಿದ್ದ ದಿನ, ಹಿಂದಿನ ಸೀಟಿನಿಂದ ಅವಳಾಗಿಯೇ ಮಾತಾಡಿದ್ದಳು. “ವಾರಕ್ಕೆ ಒಂದು ದಿನ ಏಳಬೇಕು ಅನ್ಸುತ್ತೆ, ವೆಂಡೆಲ್. ಮಂಗಳವಾರ. ಮಿಕ್ಕಿದ ದಿನ ಇನ್ನು ಇಷ್ಟು ದಿನ ಇದೆ ಮಂಗಳವಾರಕ್ಕೆ ಅಂತ ಎಣಿಸ್ಕೊಂಡು ಏಳ್ತೀನಿ. ಎಣಿಸೋಕೆ ಏನೂ ಇಲ್ಲದಿದ್ದಾಗ ಏನಾಗ್ತಿತ್ತು ಅಂತ ನಿಮಗೆ ಹೇಳಲ್ಲ.” ಅವನು ಕನ್ನಡಿಯಲ್ಲಿ ನೋಡಿದ್ದ. ಅವಳು ಕಿಟಕಿಯ ಮಂಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ಅವನು ಹೀಟರನ್ನು ಸ್ವಲ್ಪ ಜಾಸ್ತಿ ಮಾಡಿದ್ದ. ಅವನಿಗೆ ತೋಚಿದ್ದು ಅಷ್ಟೇ.

ಊರು ದಾಟುವವರೆಗೆ ಅವಳು ಸೀಟಿನಲ್ಲಿ ಬಗ್ಗಿ ಕೂರುತ್ತಿದ್ದಳು. ರೈತರ ಸಭೆ ಸೇರುವ ಗ್ರೇಂಜ್ ಹಾಲ್ ಕಟ್ಟಡದ ತಿರುವಿನ ನಂತರ ಎದ್ದು ಕೂರುವಳು, ಬರುವಾಗ ಅದೇ ತಿರುವಿನಲ್ಲಿ ಮತ್ತೆ ಬಗ್ಗುವಳು. ಹೋದ ಮಂಗಳವಾರ ಗ್ಯಾರೆಟ್ ಅಲ್ಲಿರಬೇಕಾಗಿರಲಿಲ್ಲ. ಬಿತ್ತನೆಯ ಯಂತ್ರದ ಯಾವುದೋ ಭಾಗ ತರಲು ಕೋಲ್ಟರಿಗೆ ಹೋಗಿ ವಾಪಸು ಬರುತ್ತಿದ್ದ. ಗ್ರೇಂಜ್ ಹಾಲ್ ದಾಟಿ ಮೂರು ಮೈಲಿಯ ಮೇಲೆ ದಿಬ್ಬದಿಂದ ಕಂದು ಬಣ್ಣದ ಪಿಕಪ್ ಇಳಿದು ಬಂತು. ವೆಂಡೆಲ್ ಅದನ್ನು ಗುರುತಿಸುವ ಮೊದಲೇ ಬೆರಳು ಎದ್ದಿತ್ತು. ಎತ್ತದಿದ್ದರೆ ಗ್ಯಾರೆಟ್ ತನ್ನ ಯೋಚನೆಯಲ್ಲಿ ತಾನು ಹೋಗಿಬಿಡುತ್ತಿದ್ದನೇನೋ. ಎತ್ತಿದ್ದರಿಂದ ಯಾರು ಎಂದು ನೋಡಿದ, ವೆಂಡೆಲ್ ಎಂದು ಕಂಡು ಬೆರಳೆತ್ತಿದ, ಎತ್ತುವಾಗ ವೇಗ ಇಳಿಸಿದ, ಇಳಿಸಿದ್ದರಿಂದ ಅವನ ಕಣ್ಣು ವ್ಯಾನಿನ ಉದ್ದಕ್ಕೂ ಹಾದು ಹಿಂದಿನ ಕಿಟಕಿಯವರೆಗೆ ಹೋಯಿತು. ಹಿಂದೆ ಧಡಕ್ಕನೆ ಸದ್ದಾಯಿತು. ಹ್ಯಾಡ್ಲಿ ಸೀಟುಗಳ ಮಧ್ಯೆ ಬಗ್ಗಿದ್ದಳು.

“ಅಪ್ಪ ನೋಡಿದ್ರಾ?” ಕೆಳಗಿನಿಂದ ದನಿ ಬಂತು.

“ಇಲ್ಲ ಅನ್ಸುತ್ತಮ್ಮ. ಅವರಿಗೆ ಬಿಸಿಲು ಎದುರಿಗಿತ್ತು.”

ಸುಳ್ಳು. ಬಿಸಿಲು ವೆಂಡೆಲನ ಕಣ್ಣಿಗೇ ಹೊಡೆಯುತ್ತಿತ್ತು. ಅವಳೂ ಆ ಊರಿನಲ್ಲೇ ಹುಟ್ಟಿದವಳು, ಮಧ್ಯಾಹ್ನ ಒಂದು ಗಂಟೆಗೆ ಸೂರ್ಯ ಎಲ್ಲಿರುತ್ತಾನೆಂದು ಅವಳಿಗೆ ತಿಳಿಯದೇ? ಆದರೂ “ಹೂಂ” ಎಂದಿದ್ದಳು. ಆ ಹೂಂ ಈ ಏಳು ದಿನವೂ ಅವನ ಕಿವಿಯಲ್ಲಿತ್ತು.

ಇದೇ ಬೆರಳು, ಇಪ್ಪತ್ತೆರಡು ವರ್ಷದ ಹಿಂದೆ, ಕಣಜದ ವೇಬ್ರಿಡ್ಜ್ ಮೇಲೆ. ಆಗ ವೆಂಡೆಲ್ ಅಲ್ಲಿ ಲಾರಿ ತೂಗುವವನು. ಆಗಸ್ಟ್ ತಿಂಗಳ ಕಟಾವು, ಧೂಳು, ಹಿಂದೆ ಹನ್ನೊಂದು ಲಾರಿ ಸಾಲುಗಟ್ಟಿ ನಿಂತಿವೆ. ಗ್ಯಾರೆಟ್‌ನ ತಮ್ಮ ರಸ್, ಹದಿನೇಳರ ಹುಡುಗ, ಗೋಧಿ ಸುರಿದು ಬಂದು ಖಾಲಿ ಲಾರಿಯನ್ನು ತೂಕಕ್ಕೆ ನಿಲ್ಲಿಸಿದ. ತೂಕವಾಯಿತು, ಚೀಟಿ ಕೊಟ್ಟಾಯಿತು. ಹುಡುಗ ಹೊರಡಲಿಲ್ಲ. ಚೀಟಿಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಈಚೆಗೆ ವೆಂಡೆಲನ ಮುಖವನ್ನೇ ನೋಡುತ್ತ ಕೂತ. ಬಾಯಿ ಸ್ವಲ್ಪ ತೆರೆದಿತ್ತು. ಹಿಂದಿನವನು ಹಾರ್ನ್ ಒತ್ತಿದ. ವೆಂಡೆಲ್ ನಕ್ಕು, ಬೆರಳೆತ್ತಿ, ಹೋಗಪ್ಪ ಮುಂದೆ ಎಂದು ತೋರಿಸಿದ. ಹುಡುಗ ಹೋದ. ಎರಡು ದಿನದ ಮೇಲೆ ಲಿಂಡ್‌ಕ್ವಿಸ್ಟರ ಯಂತ್ರದ ಶೆಡ್ಡಿನಲ್ಲಿ ಸತ್ತುಬಿದ್ದಿದ್ದ. ಬಂದೂಕು ಒರೆಸುವಾಗ ಆದ ಅಪಘಾತ ಎಂದರು. ಊರೆಲ್ಲ ಹಾಗೆಯೇ ಅಂದಿತು, ಪಾದ್ರಿಯೂ ಅಂದ. ಎಲ್ಲರೂ ಬೇಯಿಸಿದ್ದನ್ನು ಮುಚ್ಚಿಕೊಂಡು ತಂದು ಆ ಮನೆಯ ಜಗುಲಿಯಲ್ಲಿಟ್ಟು ಬಂದರು. ಡೊರೀನ್ ಆಲೂಗಡ್ಡೆ ಮಾಡಿದ್ದಳು. ಗ್ಯಾರೆಟ್ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಹೇಳಿದ್ದ. ಅವತ್ತಿನಿಂದ ಇವತ್ತಿನವರೆಗೆ ಅವನ ಬಾಯಲ್ಲಿ ತಮ್ಮನ ಹೆಸರನ್ನು ಯಾರೂ ಕೇಳಿಲ್ಲ.

ಶನಿವಾರ ರೈತರ ಸೊಸೈಟಿ ಅಂಗಡಿಯಲ್ಲಿ ಗ್ಯಾರೆಟ್ ಸಿಕ್ಕ. ಸಿಕ್ಕ ಅನ್ನುವುದಕ್ಕಿಂತ, ವೆಂಡೆಲ್ ಕೈಗವಸು ಆರಿಸುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತು ತಾನೂ ಕೈಗವಸು ನೋಡತೊಡಗಿದ. ಎತ್ತರದ ಆಸಾಮಿ, ಒಳಗೆ ಬಂದರೆ ಟೋಪಿ ತೆಗೆಯುವ ಪೈಕಿ.

“ಮಂಗಳವಾರ ನಿಮ್ಮನ್ನ ನೋಡ್ದೆ, ವೆಂಡೆಲ್.”

“ಹೌದು. ಬೆರಳೆತ್ತಿದೆ.”

“ಹಿಂದೆ ಹ್ಯಾಡ್ಲಿ ಇದ್ದಳು.”

“ವ್ಯಾನಲ್ಲಿ ಯಾರಿದ್ರು ಅಂತ ಹೇಳೋ ಹಾಗಿಲ್ಲಪ್ಪ. ಸೈನ್ ಹಾಕಿಸ್ಕೊಂಡಿದಾರೆ.”

“ಯಾರಿದ್ರು ಅಂತ ನಾನು ಕೇಳ್ತಿಲ್ಲ. ಇದ್ದಳು ಅಂತ ಹೇಳ್ತಿದೀನಿ.” ಗ್ಯಾರೆಟ್ ಒಂದು ಕೈಗವಸನ್ನು ಬಲಗೈಗೆ ಹಾಕಿಕೊಂಡು ಬೆರಳು ಮಡಚಿ ಬಿಚ್ಚಿ ನೋಡಿದ. ದನಿ ಏರಿಸಿರಲಿಲ್ಲ, ಏರಿಸಿದ್ದರೆ ಒಳ್ಳೆಯದಿತ್ತು. “ಶಾಲೇಲಿ ಕೇಳಿದ್ರೆ ಅವರೂ ಹೇಳೋ ಹಾಗಿಲ್ಲ ಅಂತಾರೆ. ನನ್ನ ಮಗಳು ನಡುಮಧ್ಯಾಹ್ನ ಎಲ್ಲಿಗೆ ಹೋಗ್ತಾಳೆ ಅಂತ ಊರಿಗೆಲ್ಲ ಗೊತ್ತಿರಬಹುದು, ನನಗೊಬ್ಬನಿಗೆ ಹೇಳೋ ಹಾಗಿಲ್ಲ.”

“ಅವಳನ್ನೇ ಕೇಳಪ್ಪ.”

“ಕೇಳಿ? ಕೇಳಿ, ಅವಳು ಹೇಳಿಬಿಟ್ರೆ?” ಎಂದ ಗ್ಯಾರೆಟ್. ತಾನೇ ಆಡಿದ ಮಾತಿಗೆ ತಾನೇ ಬೆಚ್ಚಿದವನಂತೆ ಕೈಗವಸು ಬಿಚ್ಚಿ ಅದರ ಜಾಗಕ್ಕೆ ತೂಗುಹಾಕಿದ. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, “ಒಂದು ಹೇಳಿ ಸಾಕು. ಬಸಿರು ಗಿಸಿರು ಏನಾದ್ರೂ ಮಾಡ್ಕೊಂಡಿದಾಳಾ?”

ವೆಂಡೆಲನ ತಲೆ ಅಡ್ಡಕ್ಕೆ ಆಡಿತು. ಮಾತಲ್ಲ, ಬರೀ ತಲೆ. ಪಾಪ, ಅಪ್ಪನಾದವನು ನಾಲ್ಕು ದಿನದಿಂದ ಇದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಾನೆ, ಅದೊಂದು ಭಾರವಾದರೂ ಇಳಿಯಲಿ ಎಂದಷ್ಟೇ ಅವನ ಮನಸ್ಸಿನಲ್ಲಿ ಬಂದದ್ದು. ಭಾರ ಇಳಿಯಿತು ಕೂಡ. ಗ್ಯಾರೆಟ್ ಉಸಿರು ಬಿಟ್ಟ. ಆದರೆ ಉಸಿರು ಬಿಟ್ಟ ಮುಖ ಹಾಗೆಯೇ ನಿಂತುಬಿಟ್ಟಿತು. ಅದಲ್ಲವೆಂದ ಮೇಲೆ ಇನ್ನೇನು ಎಂದು ಒಂದೊಂದನ್ನೇ ಬದಿಗಿಡುತ್ತ ಹೋಗಿ ಕೊನೆಗೆ ಉಳಿದ ಒಂದರ ಮುಂದೆ ನಿಂತವನ ಮುಖ. ವೆಂಡೆಲ್ ಅದನ್ನು ಕಣ್ಣಾರೆ ಕಂಡ. ಬಾಯಿ ಸ್ವಲ್ಪ ತೆರೆದಿತ್ತು, ರಸ್‌ನ ಬಾಯಿಯೇ. ಈಗಲಾದರೂ ಏನಾದರೂ ಹೇಳಬೇಕು ಎಂದು ವೆಂಡೆಲ್ ತಡಕಾಡಿದ. ಅವಳು ಸಹಾಯ ಹುಡುಕಿಕೊಂಡು ಹೋಗಿದಾಳಪ್ಪ, ಅದು ಒಳ್ಳೆಯದಲ್ಲವೇ, ನಿನ್ನ ತಮ್ಮ ಹೋಗಲಿಲ್ಲ, ಹೋಗಲು ಯಾವ ವ್ಯಾನೂ ಇರಲಿಲ್ಲ. ಒಂದು ಮಾತನ್ನೂ ಆಡುವ ಹಾಗಿರಲಿಲ್ಲ. ಗ್ಯಾರೆಟ್ ಟೋಪಿ ಹಾಕಿಕೊಂಡ. “ಡೊರೀನ್‌ಗೆ ನಮಸ್ಕಾರ ಹೇಳಿ,” ಎಂದು ಹೊರಟುಹೋದ. ವೆಂಡೆಲ್ ಬೇಡದ ಒಂದು ಜೊತೆ ಕೈಗವಸು ಕೊಂಡು ಮನೆಗೆ ಬಂದ.

ನಿನ್ನೆ ಸೋಮವಾರ ಮಾರ್ಲಾ ಆಫೀಸಿಗೆ ಕರೆದಳು. ವ್ಯಾನುಗಳಿಗೆ ದಾರಿ ಹಂಚುವವಳು ಅವಳೇ. ಸಿಗರೇಟು ಬಿಟ್ಟಾಗಿನಿಂದ ದಿನವಿಡೀ ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ಪೇಪರ್ ಲೋಟಕ್ಕೆ ಉಗುಳುತ್ತಾಳೆ. ನಿನ್ನೆ ಬೀಜ ಜಗಿಯದೆ ಕೂತಿದ್ದಳು.

“ಗ್ಯಾರೆಟ್ ಫೋನ್ ಮಾಡಿದ್ದ. ನನಗಲ್ಲ, ಮೇಲಿನವರಿಗೆ. ಒಂದು ಕೆಟ್ಟ ಮಾತಾಡಿಲ್ಲ ಪುಣ್ಯಾತ್ಮ. ಹದಿನಾಲ್ಕರ ಮಕ್ಕಳನ್ನ ಯಾರ ಕಾಗದದ ಮೇಲೆ ಕೂರಿಸ್ಕೊಳ್ತೀರಿ ಅಂತ ಒಂದೇ ಪ್ರಶ್ನೆ ಕೇಳಿದಾನೆ.”

“ಅವಳೇ ಸೈನ್ ಹಾಕಿದಾಳಲ್ಲ. ಕಾನೂನೇ ಇದೆ.”

“ಕಾನೂನಿರೋದು ಕ್ಲಿನಿಕ್ಕಿನ ಬಾಗಿಲಿಂದ ಒಳಗೆ, ವೆಂಡೆಲ್. ವ್ಯಾನು ನಮ್ಮದು. ನಮ್ಮ ಫೈಲಲ್ಲಿ ಎಲ್ಲೋ ತಳದಲ್ಲಿ ಒಂದು ಸಾಲಿದೆ, ಹದಿನಾರರ ಕೆಳಗಿನವರು ಒಬ್ಬರೇ ಹತ್ತಬೇಕಾದ್ರೆ ಅಪ್ಪನೋ ಅಮ್ಮನೋ ಬರೆದುಕೊಡಬೇಕು. ಇಷ್ಟು ವರ್ಷ ನಾನು ಅದರ ಮೇಲೆ ಕೂತಿದ್ದೆ. ಈಗ ಎಬ್ಬಿಸಿ ತೆಗೆದಿದಾರೆ.” ಹಾಳೆಯನ್ನು ಮೇಜಿನ ಮೇಲೆ ಅವನ ಕಡೆ ತಳ್ಳಿದಳು. “ಇದರ ಮೇಲೆ ಸೈನ್ ಹಾಕ್ತೀಯಾ ಅಂತ ಅವನನ್ನೇ ಕೇಳಿದ್ರಂತೆ. ಅವಳೇ ಬಂದು ನನ್ನನ್ನ ಕೇಳಲಿ ಅಂದನಂತೆ.”

“ಅವಳು ಕೇಳಲ್ಲ.”

“ಕೇಳೋ ಹಾಗಿದ್ರೆ ನಮ್ಮ ವ್ಯಾನು ಯಾಕೆ ಹತ್ತುತ್ತಿದ್ಲು? ನಿನಗೆ ಆ ಬೆರಳು ಎತ್ತಲೇಬೇಕಿತ್ತಾ?”

“ನಾನು ಎತ್ತಲಿಲ್ಲ, ಮಾರ್ಲಾ.”

“ಮತ್ಯಾರು ಎತ್ತಿದ್ದು?” ಎಂದು ಅವಳು ಒಂದು ಮುಷ್ಟಿ ಬೀಜ ಬಾಯಿಗೆ ಹಾಕಿಕೊಂಡಳು. ಅವಳಿಗೆ ಅಳು ಬಂದಿತ್ತು.

ಶಾಲೆಯ ಹಿಂಬಾಗಿಲಿನಲ್ಲಿ ಹ್ಯಾಡ್ಲಿ ಐದು ನಿಮಿಷ ಮೊದಲೇ ಬಂದು ನಿಂತಿದ್ದಳು. ಬ್ಯಾಗು ಎರಡೂ ಹೆಗಲಿಗೆ, ಕಿವಿ ಮುಚ್ಚುವ ಕೆಂಪು ಟೋಪಿ. ವೆಂಡೆಲ್ ವ್ಯಾನಿನ ಬಾಗಿಲು ತೆರೆಯುವ ಗುಂಡಿ ಒತ್ತಲಿಲ್ಲ, ತಾನೇ ಇಳಿದ. ಅವನು ಇಳಿದುದನ್ನು ನೋಡಿಯೇ ಅವಳು ಮೆಟ್ಟಿಲಿನತ್ತ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಗುರುವಾರದಿಂದ ಅಪ್ಪನೇ ಶಾಲೆಗೆ ಬಂದು ಕರ್ಕೊಂಡು ಹೋಗ್ತಿದಾರೆ,” ಎಂದಳು. “ಬಸ್ಸಲ್ಲಿ ಬರಬೇಡ ಅಂತಾರೆ. ಏನೂ ಕೇಳಲ್ಲ. ರೇಡಿಯೋ ಹಾಕ್ತಾರೆ. ಮನೆ ಬರೋತನಕ ಗೋಧಿ ರೇಟು ಕೇಳ್ತೀವಿ. ಅವತ್ತು ನೋಡಿದ್ರು ಅಲ್ವಾ?”

“ಹೂಂ.”

“ಬಿಸಿಲು ಅಂದ್ರಿ.”

“ಸುಳ್ಳು ಹೇಳ್ದೆ, ಮಗು. ತಪ್ಪಾಯ್ತು.” ಹಾಳೆಯನ್ನು ಕೊಟ್ಟ. ಅವಳು ಓದಿದಳು, ತಿರುಗಿಸಿ ಹಿಂದೆ ನೋಡಿದಳು, ಹಿಂದೆ ಏನೂ ಇರಲಿಲ್ಲ. ಮತ್ತೆ ಓದಿದಳು. ಅವಳ ತುಟಿ ಚಳಿಗೆ ಒಡೆದಿತ್ತು.

“ಕ್ಲಿನಿಕ್ಕಲ್ಲಿ ನನ್ನ ಸೈನ್ ಸಾಕು,” ಎಂದಳು. “ಇಡೀ ತಲೆಗೇ ನನ್ನ ಸೈನ್ ಸಾಕು. ಸೀಟಿಗೆ ಸಾಕಾಗಲ್ವಾ?”

“ನಮ್ಮೋರು ಮಾಡ್ಕೊಂಡಿರೋ ರೂಲು.”

“ಅಲ್ಲಿನವರು ಫೋನಲ್ಲೂ ಮಾತಾಡಬಹುದು ಅಂದಿದಾರೆ. ಶಾಲೇಲಿ ಅದಕ್ಕೆ ಕೊಡೋಕೆ ರೂಮಿಲ್ಲ. ನಮ್ಮನೇಲಿ ಸಿಗ್ನಲ್ ಸಿಗೋದು ಒಂದೇ ಕಡೆ, ಯಂತ್ರದ ಶೆಡ್ಡಲ್ಲಿ. ಆ ಶೆಡ್ಡಲ್ಲಿ ಕೂತ್ಕೊಂಡು ನಾನು ಈ ಮಾತು ಆಡಬೇಕು.” ಅವಳು ನಗಲು ನೋಡಿದಳು. ಅವಳಿಗೆ ರಸ್ ವಿಷಯ ಗೊತ್ತಿತ್ತು. ಯಾರೂ ಹೇಳದಿದ್ದರೂ ಗೊತ್ತಿತ್ತು. ಆ ಮನೆಯ ಮಗುವಿಗೆ ಗೊತ್ತಿಲ್ಲದೆ ಇರುತ್ತದೆಯೇ. “ವೆಂಡೆಲ್, ನಿಮ್ಮ ಸ್ವಂತ ಕಾರಿದೆಯಲ್ಲ.”

ಇದನ್ನು ಅವಳು ಕೇಳುತ್ತಾಳೆಂದು ರಾತ್ರಿಯೇ ಅವನಿಗೆ ಅನ್ನಿಸಿತ್ತು, ಉತ್ತರವನ್ನೂ ಕೂಡಿಸಿಟ್ಟುಕೊಂಡಿದ್ದ. ಕೆಲಸ ಹೋಗುತ್ತದೆ. ಅಪ್ಪನಿಗೆ ಹೇಳದೆ ಹದಿನಾಲ್ಕರ ಹುಡುಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ ಅರವತ್ತನಾಲ್ಕರ ಗಂಡಸನ್ನು ಊರು ಏನನ್ನುತ್ತದೆ. ಪೊಲೀಸಿನವನೂ ಕಣಜದಲ್ಲಿ ತಾನು ಎತ್ತಿ ಆಡಿಸಿದ ಹುಡುಗನೇ. ಎಲ್ಲವೂ ಸರಿಯಾದ ಕಾರಣಗಳೇ, ಒಂದೂ ಸುಳ್ಳಲ್ಲ. ಆದರೆ ಅವಳ ಮುಖ ನೋಡಿ, “ನೋಡೋಣ,” ಎಂದ.

“ನೋಡೋಣ,” ಎಂದಳು ಅವಳೂ. ದೊಡ್ಡವರ ನೋಡೋಣಕ್ಕೆ ಏನರ್ಥವೆಂದು ಆ ವಯಸ್ಸಿನವರಿಗೆ ಹೇಳಿಕೊಡಬೇಕಾಗಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗಿಟ್ಟಳು.

“ಒಂದು ಸಲ ಅಪ್ಪನ್ನೇ ಕೇಳಿ ನೋಡಮ್ಮ. ಕೆಟ್ಟವನಲ್ಲ ಅವನು.”

“ಕೆಟ್ಟವರಾಗಿದ್ರೆ ಕೇಳ್ತಿದ್ದೆ,” ಎಂದಳು ಹ್ಯಾಡ್ಲಿ. “ನಾನು ಕೇಳಿಬಿಟ್ರೆ ಅವತ್ತಿಂದ ಅಪ್ಪ ರಾತ್ರಿ ಮಲಗಲ್ಲ, ವೆಂಡೆಲ್. ನನ್ನ ರೂಮಿನ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತ್ಕೋತಾರೆ. ನನಗೆ ಗೊತ್ತು ನಮ್ಮಪ್ಪ.” ಆಮೇಲೆ, ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಸ್ವಲ್ಪ ಅಲುಗಿ, “ಒಂದೂವರೆಗೆ ಕ್ಲಿನಿಕ್ಕಲ್ಲಿ ನನಗೆ ಕಾಯ್ತಾರೆ. ಬರಲ್ಲ ಅಂತ ಯಾರಾದ್ರೂ ಹೇಳಬೇಕು. ನೀವು ಹೇಳ್ತೀರಾ?”

“ಹೇಳ್ತೀನಿ.”

ಅವಳು ಬಾಗಿಲು ತಳ್ಳಿದಳು. ಒಳಗಿನಿಂದ ಮಾತ್ರ ತೆರೆಯುವ ಬಾಗಿಲು. ಶಾಲೆಯನ್ನು ಸುತ್ತಿಕೊಂಡು ಮುಂಬಾಗಿಲಿಗೆ ನಡೆದುಹೋದಳು. ಕೆಂಪು ಟೋಪಿ ಗೋಡೆಯ ಮೂಲೆಯಲ್ಲಿ ಮರೆಯಾಗುವವರೆಗೆ ವೆಂಡೆಲ್ ಅಲ್ಲೇ ನಿಂತಿದ್ದ. ಓಡಿಹೋಗಿ ಕರೆದುಬಿಡಲೇ ಅನ್ನಿಸಿತು. ಅನ್ನಿಸುತ್ತ ಎಷ್ಟು ಹೊತ್ತು ನಿಂತನೆಂದರೆ, ಕೊನೆಗೆ ಅರ್ಮಾ ವ್ಯಾನಿನೊಳಗಿನಿಂದ ಗಾಜು ತಟ್ಟಿದಳು.

ಹತ್ತು ಮೈಲಿ ಕಳೆಯಿತು. ಮುದುಕಿ ಮುಂದಿನ ರಸ್ತೆಯನ್ನೇ ನೋಡುತ್ತ, “ಅವಳ ಹಲ್ಲಿಗೆ ತಂತಿ ಇರಲಿಲ್ಲ, ವೆಂಡೆಲ್. ನನ್ನ ಕಾಲು ಕೆಟ್ಟಿದೆ, ಕಣ್ಣಲ್ಲ,” ಎಂದಳು. “ಮೇಪಲ್ ರಸ್ತೇಲಿ ಯಾವ ಹಲ್ಲಿನ ಡಾಕ್ಟ್ರೂ ಇಲ್ಲ. ನಗಲಿ ಅಂತ ಕೇಳ್ತಿದ್ದೆ.”

“ನಂಗೆ ಗೊತ್ತು.”

“ನಾನೇ ಅವಳ ಜೊತೆ ಬಂದಿರೋ ದೊಡ್ಡೋಳು ಅಂತ ಬರ್ಕೊಂಡ್ರೆ ಆಗಲ್ವಾ ನಿಮ್ಮ ಆಫೀಸಲ್ಲಿ?”

“ನೆಂಟರಾಗಿರಬೇಕಂತೆ. ನಿನ್ನೆಯೇ ಕೇಳ್ದೆ.”

“ಹಾಳಾದೋರು,” ಎಂದಳು ಅರ್ಮಾ.

ಅವಳನ್ನು ಆಸ್ಪತ್ರೆಯಲ್ಲಿಳಿಸಿ ವೆಂಡೆಲ್ ಮೇಪಲ್ ರಸ್ತೆಗೆ ಹೋದ. ನಾಲ್ಕು ತಿಂಗಳಲ್ಲಿ ಒಂದು ಸಲವೂ ಆ ಕಟ್ಟಡದ ಒಳಗೆ ಕಾಲಿಟ್ಟಿರಲಿಲ್ಲ. ಒಳಗೆ ಮೀನಿನ ತೊಟ್ಟಿ, ಒಂದು ಸೋಫಾ, ಗಾಜಿನ ಹಿಂದೆ ಎಳೆಯ ಹೆಂಗಸು. ಹ್ಯಾಡ್ಲಿ ಲಿಂಡ್‌ಕ್ವಿಸ್ಟ್ ಇವತ್ತು ಬರುವುದಿಲ್ಲ ಎಂದ. ಆ ಹೆಂಗಸು ಸೌಮ್ಯವಾಗಿ, ಅಂಥ ಹೆಸರಿನವರು ಇಲ್ಲಿ ಬರುತ್ತಾರೋ ಇಲ್ಲವೋ ತಾನು ಹೇಳುವ ಹಾಗಿಲ್ಲ ಎಂದಳು. ಹೇಳುವುದು ಬೇಡಮ್ಮ, ಕೇಳಿಸಿಕೊಂಡರೆ ಸಾಕು ಎಂದ. ಅವಳು ತಲೆಯಾಡಿಸಲೂ ಇಲ್ಲ, ಆಡಿಸದೆಯೂ ಇರಲಿಲ್ಲ. ಅವಳಿಗೂ ಎಲ್ಲೋ ಸಹಿ ಹಾಕಿಸಿಕೊಂಡಿರಬೇಕು. ಒಂದೂವರೆಯಾಯಿತು. ಒಳಗಿನ ಬಾಗಿಲು ತೆರೆದು, ನರೆಗೂದಲಿನ ಒಬ್ಬ ಹೆಂಗಸು ಕೈಯಲ್ಲಿ ಎರಡು ಕಪ್ ಹಿಡಿದು ಸೋಫಾದ ಕಡೆ ನಗುತ್ತ ನೋಡಿದಳು. ಸೋಫಾದ ಮೇಲೆ ವೆಂಡೆಲ್ ಕೂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳ ಮುಖದಲ್ಲಿದ್ದ ನಗು ಏನಾಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇತ್ತು. ಅವನಿಗೆ ಅವಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು, ವ್ಯಾನು, ರಸ್, ವೇಬ್ರಿಡ್ಜ್, ಬೆರಳು. ಎದ್ದು ನಿಂತು, “ಮೀನು ಚೆನ್ನಾಗಿವೆ,” ಎಂದು ಹೇಳಿ ಹೊರಗೆ ಬಂದ. ವ್ಯಾನಿನಲ್ಲಿ ಕೂತು ಪಟ್ಟಿ ತೆಗೆದು, ಹ್ಯಾಡ್ಲಿಯ ಹೆಸರಿನ ಮುಂದಿನ ಖಾನೆಯಲ್ಲಿ ಹತ್ತಲಿಲ್ಲ ಎಂದು ಬರೆದ. ಯಾಕೆ ಎಂಬುದಕ್ಕೆ ಖಾನೆ ಇರಲಿಲ್ಲ.

ವಾಪಸು ಬರುವಾಗ ಅರ್ಮಾ ಹೊಸ ಕಟ್ಟಿನ ಕಾಲು ಚಾಚಿಕೊಂಡು ತೂಕಡಿಸುತ್ತಿದ್ದಳು. ವೆಂಡೆಲ್ ಕೈಗಳನ್ನು ಸ್ಟೀರಿಂಗಿನ ಕೆಳಗೇ ಇಟ್ಟಿದ್ದ. ಅಂಚೆಯ ಜೀಪಿಗೆ ಎತ್ತಲಿಲ್ಲ, ಹಾಲಿನ ಲಾರಿಗೆ ಎತ್ತಲಿಲ್ಲ, ಪಾದ್ರಿಯ ಕಾರಿಗೂ ಎತ್ತಲಿಲ್ಲ. ಇಡೀ ದಾರಿ ಹೀಗೇ ಸಾಗಿತು. ಅಭ್ಯಾಸವಾದರೆ ಆಗುತ್ತದೆ ಅನ್ನಿಸಿ ಸ್ವಲ್ಪ ಹಗುರಾಯಿತು. ಮುಂದಿನ ಮಂಗಳವಾರ ರಜೆ ಹಾಕಿ, ಡೊರೀನ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ವಂತ ಕಾರಿನಲ್ಲಿ ಹೋದರೆ ಯಾರೇನು ಅಂದಾರು? ಆದರೆ ಡೊರೀನ್‌ಗೆ ಹೇಳಬೇಕಲ್ಲ. ಹೇಳುವ ಹಾಗಿಲ್ಲವಲ್ಲ. ಅಲ್ಲಿಗೆ ಬಂದು ಯೋಚನೆ ನಿಂತಿತು, ಮತ್ತೆ ಮೊದಲಿನಿಂದ ಹೊರಟಿತು. ಗ್ರೇಂಜ್ ಹಾಲ್ ತಿರುವು ದಾಟಿದ. ಊರು ಕಂಡಿತು. ಮೂರೂ ಇಪ್ಪತ್ತಮೂರು.

ಶಾಲೆಯ ಕಡೆಯಿಂದ ಕಂದು ಬಣ್ಣದ ಪಿಕಪ್ ಬರುತ್ತಿತ್ತು. ಗ್ಯಾರೆಟ್ ಓಡಿಸುತ್ತಿದ್ದ. ಕಣ್ಣುಗಳು ಕೆಂಪಗೆ ಊದಿದ್ದವು, ರಾತ್ರಿಯೆಲ್ಲ ನಿದ್ದೆಯಿಲ್ಲದವನ ಮುಖ. ಕೇಳಿದರೆ ತಾನೇ ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರುವುದು ಎಂದಿದ್ದಳು ಹುಡುಗಿ. ಕೇಳುವ ಮೊದಲೇ ಕುರ್ಚಿ ಬಂದು ಕೂತಿತ್ತು. ಅವನು ಎದುರಿನ ವ್ಯಾನನ್ನು ನೋಡಿದ, ಯಾವ ಕಹಿಯೂ ಇಲ್ಲದೆ, ಹುಟ್ಟಿದಾಗಿನಿಂದ ಎತ್ತಿಕೊಂಡು ಬಂದ ಹಾಗೆಯೇ ಸ್ಟೀರಿಂಗಿನ ಮೇಲಿಂದ ಬೆರಳೆತ್ತಿದ.

ಅವನ ಪಕ್ಕದಲ್ಲಿ ಕೆಂಪು ಟೋಪಿ. ಹ್ಯಾಡ್ಲಿ ನೆಟ್ಟಗೆ ಕೂತಿದ್ದಳು, ಕೈಗಳು ತೊಡೆಯ ಮೇಲೆ, ಕಣ್ಣು ಎದುರಿಗೆ. ಈ ಸಲ ಅವಳು ಬಗ್ಗಲಿಲ್ಲ.

“ಯಾರದು?” ಎಂದಳು ಅರ್ಮಾ, ಎಚ್ಚರಾಗಿ.

ಸ್ಟೀರಿಂಗಿನ ಕೆಳಗೆ ಮುಷ್ಟಿ ಕಟ್ಟಿದ್ದ ವೆಂಡೆಲನ ಬಲಗೈ ಯಾವಾಗ ಮೇಲೆ ಬಂದಿತ್ತೋ, ಬೆರಳು ಎದ್ದು ನಿಂತಿತ್ತು. ಪಿಕಪ್ ದಾಟಿ ಹೋಯಿತು.